ಪದ್ಮಿನಿಯ ಡಿಕ್ಕಿಯನ್ನು ಹ್ಯಾಚ್‌ಬ್ಯಾಕ್ ಮಾಡುವ ಬಗೆ

ಪ್ರೀಮಿಯರ್ ಪದ್ಮಿನಿ ಕಾರಿನ ಡಿಕ್ಕಿಯಲ್ಲಿ ಜಾಗ ಧಾರಾಳ, ಬಾಯಿ ಮಾತ್ರ ಸಣ್ಣದು. ಮುಚ್ಚಳ ಪೂರ್ತಿ ಎತ್ತಿದರೂ ಎತ್ತರದ ಪೆಟ್ಟಿಗೆ ಒಳಗೆ ಇಳಿಯುವುದಿಲ್ಲ. ಉದ್ದದ ಸಾಮಾನನ್ನು ಮುಂದಕ್ಕೆ ತಳ್ಳೋಣವೆಂದರೆ ಹಿಂದಿನ ಸೀಟಿನ ಬೆನ್ನಿಗೆ ತಗಡಿನ ಗೋಡೆ ಅಡ್ಡ. ಮುಂಬೈ ಟ್ಯಾಕ್ಸಿಯವರು ಇದಕ್ಕೆ ಕಂಡುಕೊಂಡ ಉಪಾಯ ತಲೆಯ ಮೇಲಿನ ಕ್ಯಾರಿಯರ್. ಇನ್ನೊಂದು ಉಪಾಯ, ಹಿಂದಿನ ಗಾಜನ್ನೂ ಡಿಕ್ಕಿಯ ಮುಚ್ಚಳವನ್ನೂ ಸೇರಿಸಿ, ಚಾವಣಿಯ ಅಂಚಿನಿಂದ ಮೇಲಕ್ಕೇಳುವ ಒಂದೇ ಬಾಗಿಲು ಮಾಡುವುದು. ಇಲ್ಲಿ ಹೇಳುವುದು ಅದನ್ನು.

ಇಂಥ ಕೆಲಸ ಹೊಸದೇನಲ್ಲ. ಲಂಡನ್ನಿನ ರಾಡ್‌ಫರ್ಡ್ ಕಂಪನಿ 1966ರಲ್ಲಿ ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್‌ನ ಮಿನಿ ಕಾರಿಗೆ ಹ್ಯಾಚ್ ಕೂರಿಸಿಕೊಟ್ಟಿತ್ತು, ಡ್ರಮ್ ಸೆಟ್ ಹಿಡಿಸಲೆಂದು. ಮಿನಿಯಂತೆ ಪದ್ಮಿನಿಗೂ ಬೇರೆ ಚಾಸಿ (ಬಾಡಿಯನ್ನು ಹೊರುವ ಕೆಳಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಹಿಂದಿನ ಸೀಟಿನ ಬೆನ್ನಿನ ಗೋಡೆ, ಅದರ ಮೇಲಿನ ಪಾರ್ಸೆಲ್ ಟ್ರೇ, ಗಾಜಿನ ಬುಡದ ಅಡ್ಡ ಪಟ್ಟಿ, ಈ ಮೂರೂ ಸೇರಿ ಕಾರಿನ ಹಿಂಭಾಗ ತಿರುಚಿಕೊಳ್ಳದಂತೆ ಹಿಡಿದಿರುತ್ತವೆ. ಸಿಹಿತಿಂಡಿಯ ರಟ್ಟಿನ ಡಬ್ಬಿಯನ್ನು ಮುಚ್ಚಳ ಹಾಕಿ ಒಮ್ಮೆ ತಿರುಚಿ, ತೆಗೆದು ಒಮ್ಮೆ ತಿರುಚಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹ್ಯಾಚ್ ಬೇಕೆಂದರೆ ಈ ಮೂರನ್ನೂ ತೆಗೆಯಲೇಬೇಕು. ಹಾಗಾಗಿ ಬಾಗಿಲು ಮಾಡುವುದು ಈ ಕೆಲಸದ ಸುಲಭದ ಭಾಗ. ತೆಗೆದ ಬಲವನ್ನು ಬೇರೆ ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಕಷ್ಟದ್ದು. ಅದಕ್ಕೆ ಉತ್ತರ ಕಾಗದದ ಮೇಲೆ ಬರುವವರೆಗೆ ತಗಡು ಕತ್ತರಿಸುವ ಗ್ರೈಂಡರ್ ಮುಟ್ಟಬೇಡಿ.

ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಡಿಕ್ಕಿ ಬೇರೆಯಿರುವ ಸಲೂನ್ ಬಾಡಿಯನ್ನು ಹ್ಯಾಚ್‌ಬ್ಯಾಕ್ ಮಾಡಿದರೆ ಅದು ಬಣ್ಣ ಬದಲಿಸಿದಂಥ ಸಣ್ಣ ಸಂಗತಿಯಲ್ಲ. ಕಾರು ಮುಂಬೈಯ ತಾಡದೇವ್, ವಡಾಲಾ, ಅಂಧೇರಿ, ಬೋರಿವಲಿ ಯಾವ ಆರ್‌ಟಿಒದಲ್ಲಿ ನೋಂದಣಿಯಾಗಿದೆಯೋ ಅಲ್ಲಿಗೆ ನಕ್ಷೆ ಸಮೇತ ಅರ್ಜಿ ಕೊಟ್ಟು, ಲಿಖಿತ ಉತ್ತರ ತೆಗೆದುಕೊಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಿ. ಅನುಮತಿ ಸಿಗದಿದ್ದರೆ ಈ ಕಾರು ಖಾಸಗಿ ಜಾಗದ ಕಾರು: ಕಾರ್ಖಾನೆಯ ಕಾಂಪೌಂಡು, ಗೋವಾದ ತೋಟ, ಪ್ರದರ್ಶನದ ಅಂಗಳ, ಅಷ್ಟೇ. ವಿಮೆಯವರಿಗೂ ಮೊದಲೇ ತಿಳಿಸಬೇಕು. ತಿಳಿಸದೆ ಮಾಡಿದರೆ ಕ್ಲೇಮ್ ತಿರಸ್ಕೃತವಾಗಬಹುದು.

ಇನ್ನೊಂದು ಮಾತು. 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿ, ಚಾಸಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಪದ್ಮಿನಿ ಎಂಬ ಹೆಸರು ಬರುವ ಮೊದಲಿನ ಫಿಯೆಟ್ 1100 ಡಿ, ಪ್ರೀಮಿಯರ್ ಪ್ರೆಸಿಡೆಂಟ್ ಈಗಾಗಲೇ ಆ ವಯಸ್ಸು ದಾಟಿವೆ, ಮೊದಮೊದಲ ಪದ್ಮಿನಿಗಳೂ ಅಲ್ಲಿಗೆ ಬಂದಿವೆ. ಒರಿಜಿನಲ್ ಸ್ಥಿತಿಯಲ್ಲಿರುವ ಅಂಥ ಕಾರನ್ನು ಕತ್ತರಿಸಬೇಡಿ. ಮುಂಬೈಯ ಕುರ್ಲಾದಲ್ಲಿ ತಯಾರಾದ ಆ ಕಾರುಗಳು ಇನ್ನು ಹುಟ್ಟುವುದಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಹಿಂಭಾಗಕ್ಕೆ ಪೆಟ್ಟು ಬಿದ್ದ, ಡಿಕ್ಕಿಯ ತಳ ತೂತಾದ, ಹೇಗೂ ತಗಡು ಬದಲಿಸಲೇಬೇಕಾದ ಬಾಡಿ ಸಿಕ್ಕರೆ ಅದನ್ನು ಆರಿಸಿ.

ಬಾಡಿ ನೋಡುವುದು

ಕಾರನ್ನು ಎತ್ತಿ, ಹಳೆಯ ಸ್ಕ್ರೂಡ್ರೈವರ್ ಹಿಡಿದು ಕೆಳಗಿನಿಂದ ಚುಚ್ಚುತ್ತಾ ಹೋಗಿ. ಹಿಂದಿನ ಪಟ್ಟಾ ಸ್ಪ್ರಿಂಗಿನ ಎರಡೂ ತುದಿ ಕೂರುವ ಜಾಗ, ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನಿನ ಒಳಮೈ, ಡಿಕ್ಕಿ ತಳದ ಮೂಲೆಗಳು, ಈ ನಾಲ್ಕು ಕಡೆ ಸ್ಕ್ರೂಡ್ರೈವರ್ ಒಳಗೆ ಹೋಯಿತೆಂದರೆ ಹ್ಯಾಚ್ ವಿಚಾರ ಬದಿಗಿಟ್ಟು ಮೊದಲು ಅದನ್ನು ರಿಪೇರಿ ಮಾಡಿ. ತಗಡಿನ ಮೇಲೆ ಅಯಸ್ಕಾಂತ ಆಡಿಸಿ. ಹಿಡಿಯದ ಕಡೆ ಬಣ್ಣದಡಿ ಪುಟ್ಟಿ (ತಗ್ಗು ತುಂಬುವ ಮೆತ್ತು) ಇದೆ. ಗಾಜಿನ ಮೂಲೆಯಿಂದ ಡಿಕ್ಕಿಯ ಮೂಲೆಗೆ ಇಳಿಯುವ ಭಾಗದಲ್ಲಿ ಪುಟ್ಟಿ ದಪ್ಪವಿದ್ದರೆ ಅಲ್ಲಿ ಹಿಂದೆ ಅಪಘಾತವಾಗಿದೆ ಎಂದೇ ತಿಳಿಯಿರಿ. ನಿಮ್ಮ ಹೊಸ ಬಾಗಿಲಿನ ಅಂಚು ಹಾದುಹೋಗುವುದೂ ಅಲ್ಲೇ. ಟ್ಯಾಕ್ಸಿಯಾಗಿದ್ದ ಬಾಡಿಯಾದರೆ ಸಿಎನ್‌ಜಿ ಸಿಲಿಂಡರಿನ ಬ್ರಾಕೆಟ್ಟಿಗೆ ಕೊರೆದ ತೂತುಗಳ ಸುತ್ತ ಬಿರುಕು ಹುಡುಕಿ.

ಸಿಲಿಂಡರ್ ಇದ್ದರೆ ಅದನ್ನು ಪರವಾನಗಿ ಇರುವ ಸಿಎನ್‌ಜಿ ಕೇಂದ್ರದಲ್ಲೇ ಬಿಚ್ಚಿಸಬೇಕು. ಹ್ಯಾಚ್ ಆದಮೇಲೆ ಅದನ್ನು ಮತ್ತೆ ಡಿಕ್ಕಿಯಲ್ಲಿ ಕೂರಿಸುವ ಆಸೆ ಬಿಡಿ, ಏಕೆಂದರೆ ಸಿಲಿಂಡರಿಗೂ ಪ್ರಯಾಣಿಕರಿಗೂ ನಡುವೆ ಇನ್ನು ಗೋಡೆ ಇರುವುದಿಲ್ಲ.

ಪೆಟ್ರೋಲ್ ಟ್ಯಾಂಕ್ ಹಿಂಭಾಗದಲ್ಲಿದೆ. ವೆಲ್ಡಿಂಗ್ ಶುರುವಾಗುವ ಮೊದಲು ಅದು ಕಾರಿನಲ್ಲೂ ಇರಬಾರದು, ಅದೇ ಶೆಡ್ಡಿನಲ್ಲೂ ಇರಬಾರದು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರುವುದು ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣ. ಬಾಯಿಗಳಿಗೆ ಬಿರಟೆ ಹಾಕಿ ಹೊರಗೆ ನೆರಳಿನಲ್ಲಿಡಿ. ಪೆಟ್ರೋಲ್ ಪೈಪಿನ ತುದಿಯನ್ನೂ ಮುಚ್ಚಿ. ಬ್ಯಾಟರಿಯ ಎರಡೂ ವೈರ್, ಡೈನಮೋ ವೈರ್ ಬಿಚ್ಚಿ. ಸೀಟು, ಚಾವಣಿಯ ಬಟ್ಟೆ, ರಬ್ಬರ್, ನೆಲದ ಡಾಂಬರು ಹಾಳೆ ಎಲ್ಲ ಹೊರಗೆ. ಡಾಂಬರು ಹಾಳೆಗೆ ಬೆಂಕಿ ಹತ್ತಿದರೆ ಕೂಡಲೇ ಕಾಣಿಸುವುದಿಲ್ಲ, ಹೊಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಪಕ್ಕದಲ್ಲಿ ಡ್ರೈ ಪೌಡರ್ ಅಗ್ನಿಶಾಮಕ ಇಟ್ಟುಕೊಳ್ಳಿ.

ಏನೇನು ಬೇಕು

ಕೋಲ್ಡ್ ರೋಲ್ಡ್ ತಗಡು: ಹೊರಮೈಗೆ 20 ಗೇಜ್ (0.9 ಮಿ.ಮೀ.) 8 × 4 ಅಡಿಯ ಒಂದು ಹಾಳೆ, ಒಳ ಚೌಕಟ್ಟಿಗೆ 18 ಗೇಜ್ (1.2 ಮಿ.ಮೀ.) ಒಂದು ಹಾಳೆ, ಬಲಪಡಿಸುವ ಕಡೆಗೆ 16 ಗೇಜ್ (1.6 ಮಿ.ಮೀ.) ಅರ್ಧ ಹಾಳೆ. ಹಿಂಜ್, ಲಾಕ್, ಶಾಕರ್ (ತೆರೆದ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಕೊಳವೆ) ಕೂರುವ ಕಡೆಗೆ 3 ಮಿ.ಮೀ. ಪ್ಲೇಟ್ ತುಂಡುಗಳು. ತಾತ್ಕಾಲಿಕ ಆಸರೆಗೆ 25 × 25 × 2 ಮಿ.ಮೀ. ಚೌಕ ಪೈಪ್ ಎರಡು ಉದ್ದ, ಸೀಟಿನ ಬುಡದ ತೊಲೆಗೆ 40 × 40 × 2 ಮಿ.ಮೀ. ಪೈಪ್ ಒಂದೂವರೆ ಮೀಟರ್. ತಂತಿ ತಾನಾಗಿ ಹೊರಬರುವ ಮಿಗ್ ವೆಲ್ಡಿಂಗ್ ಯಂತ್ರ, ಅದಕ್ಕೆ 0.8 ಮಿ.ಮೀ. ತಂತಿ, ಆರ್ಗಾನ್-ಸಿಒ2 ಮಿಶ್ರಣದ ಸಿಲಿಂಡರ್. ವೆಲ್ಡಿಂಗ್ ಮೇಲೂ ನಿಲ್ಲುವ ಜಿಂಕ್ ಪ್ರೈಮರ್, ಎಪಾಕ್ಸಿ ಪ್ರೈಮರ್, ಜೋಡಣೆಯ ಸಂದಿ ಮುಚ್ಚುವ ಸೀಮ್ ಸೀಲರ್, ಒಳಟೊಳ್ಳಿಗೆ ಸಿಂಪಡಿಸುವ ಕ್ಯಾವಿಟಿ ವ್ಯಾಕ್ಸ್. ಕ್ಲ್ಯಾಂಪುಗಳು ಎಷ್ಟಿದ್ದರೂ ಸಾಲದು, ಹದಿನೈದಾದರೂ ಇರಲಿ. ಉಪಕರಣಗಳು ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಸಿಗುತ್ತವೆ.

ಹಿಂಜ್, ಲಾಕ್, ಸ್ಟ್ರೈಕರ್ (ಲಾಕ್ ಹಿಡಿದುಕೊಳ್ಳುವ ಕೊಂಡಿ), ರಬ್ಬರ್ ಬಫರ್, ಶಾಕರ್‌ಗಳ ಚೆಂಡು ಕೀಲು ಇವನ್ನು ಬೇರೆಬೇರೆ ಕಾರಿನಿಂದ ಆಯ್ದು ತರಬೇಡಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳಲ್ಲಿ ಮಾರುತಿ 800, ಜೆನ್, ಸ್ಯಾಂಟ್ರೊ ಇವುಗಳ ಹಿಂದಿನ ಬಾಗಿಲು ಸಿಗುತ್ತದೆ. ಒಂದೇ ಕಾರಿನ ಪೂರ್ತಿ ಸೆಟ್ ತನ್ನಿ. ಬಾಡಿ ಕಡೆಯ ಸ್ಟ್ರೈಕರ್ ಕೂತಿರುವ ತಗಡನ್ನೂ ಒಂದು ಗೇಣು ಕತ್ತರಿಸಿ ತಂದರೆ ಅಳತೆ ತೆಗೆಯಲು ಅನುಕೂಲ. ಪದ್ಮಿನಿಯ ಹಳೆಯ ಡಿಕ್ಕಿ ಲಾಕ್ ಇದಕ್ಕೆ ಒಪ್ಪುವುದಿಲ್ಲ. ಹ್ಯಾಚ್ ಲಾಕ್ ಎರಡು ಹಂತದಲ್ಲಿ ಹಿಡಿಯಬೇಕು, ಪೂರ್ತಿ ಬೀಳದಿದ್ದರೂ ಮೊದಲ ಹಂತದಲ್ಲಾದರೂ ಬಾಗಿಲು ನಿಲ್ಲಬೇಕು.

ಆ ಕಾರುಗಳ ಬಾಗಿಲನ್ನೇ ಇಡಿಯಾಗಿ ಪದ್ಮಿನಿಗೆ ಕೂರಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ಕೂರಿಸಬಹುದು, ಆದರೆ ಹಿಂದಿನ ರೆಕ್ಕೆಗಳನ್ನೂ (ಚಕ್ರದ ಮೇಲಿನ ಪಕ್ಕದ ತಗಡು) ಡಿಕ್ಕಿಯ ಉದ್ದವನ್ನೂ ಕಡಿದು ಹಾಕಬೇಕಾಗುತ್ತದೆ. ಆಮೇಲೆ ಉಳಿಯುವುದು ಪದ್ಮಿನಿಯಲ್ಲ. ಮೂಲ ಗಾಜು, ಮೂಲ ಮುಚ್ಚಳ ಉಳಿಸಿಕೊಂಡು ಮಾಡಿದರೆ ಬಾಗಿಲು ಮುಚ್ಚಿದಾಗ ಕಾರು ಮೊದಲಿನಂತೆಯೇ ಕಾಣುತ್ತದೆ. ಗಾಜಿನ ಕೆಳಮೂಲೆಯಿಂದ ಮುಚ್ಚಳದ ಮೇಲ್ಮೂಲೆಗೆ ಎರಡು ಸಣ್ಣ ಗೆರೆ ಮಾತ್ರ ಹೆಚ್ಚಿಗೆ.

ಆಸರೆ ಮತ್ತು ಅಳತೆ

ಕಾರು ತನ್ನ ಚಕ್ರಗಳ ಮೇಲೆ ಅಥವಾ ಸ್ಪ್ರಿಂಗ್ ಕೂರುವ ಜಾಗದ ಕೆಳಗೆ ಕೊಟ್ಟ ಸ್ಟ್ಯಾಂಡಿನ ಮೇಲೆ ಸಮತಟ್ಟಾಗಿ ನಿಂತಿರಲಿ. ಸಿಲ್ ಕೆಳಗೆ ಜ್ಯಾಕ್ ಕೊಟ್ಟು ನೇತಾಡುವ ಸ್ಥಿತಿಯಲ್ಲಿ ಕತ್ತರಿಸಿದರೆ ಬಾಡಿ ಸೊಟ್ಟಗಾದ ಆಕಾರದಲ್ಲೇ ಬೆಸುಗೆಯಾಗುತ್ತದೆ. ಇಳಿಸಿದ ಮೇಲೆ ಹಿಂದಿನ ಬಾಗಿಲುಗಳು ಮುಚ್ಚುವುದಿಲ್ಲ.

ಚೌಕ ಪೈಪಿನಿಂದ ಪ್ರತಿ ಬಾಗಿಲ ಕಂಡಿಯಲ್ಲೂ ಮೂಲೆಯಿಂದ ಮೂಲೆಗೆ ಒಂದು ಆಸರೆ, ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ನಡುಕಂಬದಿಂದ ಎದುರಿನ ನಡುಕಂಬಕ್ಕೆ ಅಡ್ಡ ಒಂದು, ಎಡ ನಡುಕಂಬದ ಮೇಲ್ತುದಿಯಿಂದ ಬಲ ಚಕ್ರದ ಕಮಾನಿಗೆ ಮತ್ತು ಬಲದಿಂದ ಎಡಕ್ಕೆ ಕತ್ತರಿಯಾಕಾರದಲ್ಲಿ ಎರಡು. ಆಮೇಲೆ ಅಳತೆ: ಗಾಜಿನ ಕಂಡಿಯ ಎರಡೂ ಕರ್ಣ, ಡಿಕ್ಕಿ ಬಾಯಿಯ ಎರಡೂ ಕರ್ಣ, ಚಾವಣಿ ಅಂಚಿನ ಮೂಲೆಯಿಂದ ಹಿಂದಿನ ಪ್ಯಾನೆಲ್ಲಿನ ಎದುರು ಮೂಲೆಗೆ ಎರಡು ಕಡೆಯಿಂದ. ಪಂಚ್‌ನಿಂದ ಚುಕ್ಕೆ ಹೊಡೆದು ಅಲ್ಲಿಂದಲೇ ಅಳೆಯಿರಿ, ಇಲ್ಲದಿದ್ದರೆ ನಾಳೆ ಬೇರೆ ಜಾಗದಿಂದ ಅಳೆದಿರುತ್ತೀರಿ. ಬಾಗಿಲುಗಳ ಸುತ್ತಲಿನ ಸಂದಿಯನ್ನೂ ಬರೆದಿಡಿ. ಒಂದೊಂದು ಹಂತ ಮುಗಿದಾಗಲೂ ಈ ಪಟ್ಟಿಯನ್ನು ಮತ್ತೆ ನೋಡಬೇಕು. ಜೋಡಿ ಕರ್ಣಗಳ ವ್ಯತ್ಯಾಸ 3 ಮಿ.ಮೀ. ದಾಟಿದರೆ ಮುಂದಕ್ಕೆ ಹೋಗಬೇಡಿ.

ಕತ್ತರಿಸುವ ಕ್ರಮ

ಹೆಚ್ಚಿನವರು ತಪ್ಪುವುದು ಇಲ್ಲೇ. ಗೋಡೆ ಮೊದಲು ತೆಗೆದರೆ ಒಳಗೆ ಕೈಯಾಡಿಸಲು ಸುಲಭ ಅನ್ನಿಸುತ್ತದೆ. ಗೋಡೆ ಕೊನೆಗೆ ಹೋಗಬೇಕು. ಮೊದಲು ಬಾಗಿಲ ಕಂಡಿಯ ಸುತ್ತ ಮುರಿಯದ ಒಂದು ಉಂಗುರ ತಯಾರಾಗಬೇಕು: ಮೇಲೆ ಚಾವಣಿಯ ಅಂಚು, ಎರಡು ಪಕ್ಕ ಹಿಂದಿನ ಕಂಬಗಳು, ಕೆಳಗೆ ಲಾಕ್ ಕೂರುವ ಹಿಂದಿನ ಪ್ಯಾನೆಲ್.

ಚಾವಣಿ ಅಂಚಿನ ಒಳಗಡೆ 1.6 ಮಿ.ಮೀ. ತಗಡನ್ನು 40 × 25 ಮಿ.ಮೀ. ಚಾನೆಲ್ ಆಗಿ ಮಡಚಿ, ಚಾವಣಿಯ ಬಾಗಿಗೆ ಹೊಂದಿಸಿ, ಎರಡೂ ತುದಿ ಕಂಬದೊಳಕ್ಕೆ ಕನಿಷ್ಠ 100 ಮಿ.ಮೀ. ಇಳಿಯುವಂತೆ ಕೂರಿಸಿ. ಹಿಂಜ್ ಬರುವ ಎರಡು ಕಡೆ ಚಾನೆಲ್ಲಿನೊಳಗೆ 3 ಮಿ.ಮೀ. ಪ್ಲೇಟ್, 60 × 80 ಅಳತೆಯದು, ಮೊದಲೇ ನಟ್ ಬೆಸೆದು ಇಟ್ಟಿರಬೇಕು, ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಕಂಬಗಳ ಒಳಮೈಗೆ 1.6 ಮಿ.ಮೀ. ಪಟ್ಟಿ, ಗಾಜಿನ ಮೇಲ್ಮೂಲೆಯಿಂದ ಚಕ್ರದ ಕಮಾನಿನ ತನಕ ತುಂಡಾಗದೆ. ಕೆಳಗಿನ ಪ್ಯಾನೆಲ್ಲಿನ ಒಳಬದಿಗೂ ತಗಡು ಮುಚ್ಚಿ ಅದನ್ನು ಟೊಳ್ಳು ತೊಲೆಯಾಗಿ ಮಾಡಿ, ತಳದಲ್ಲಿ ನೀರು ಹೋಗಲು 8 ಮಿ.ಮೀ. ತೂತು ಎರಡು ಬಿಡಿ.

ಸೀಟಿನ ಬೆನ್ನು ನೆಲಕ್ಕೆ ತಾಗುವ ಕಡೆ 40 × 40 ಪೈಪಿನ ತೊಲೆ ಚಕ್ರದ ಕಮಾನಿನಿಂದ ಕಮಾನಿಗೆ ಅಡ್ಡ ಬರಬೇಕು. ತೊಲೆಯ ಎರಡೂ ತುದಿಯಲ್ಲಿ 200 ಮಿ.ಮೀ. ಬದಿಯ ತ್ರಿಕೋನ ಪ್ಲೇಟ್, 2 ಮಿ.ಮೀ. ದಪ್ಪದ್ದು, ಒಂದು ಬದಿ ತೊಲೆಗೆ, ಇನ್ನೊಂದು ಕಮಾನಿಗೆ. ಗೋಡೆ ಇಷ್ಟು ದಿನ ಹೊತ್ತಿದ್ದ ತಿರುಚುಬಲದ ಒಂದು ಪಾಲು ಇನ್ನು ಈ ತ್ರಿಕೋನಗಳ ಮೇಲೆ ಬೀಳುತ್ತದೆ, ಹಾಗಾಗಿ ಇವುಗಳ ಬೆಸುಗೆ ಅಂದವಾಗಿರುವುದಕ್ಕಿಂತ ಆಳವಾಗಿರಲಿ. ಕಮಾನಿನ ತಗಡು ತೆಳುವಾದ್ದರಿಂದ ಪ್ಲೇಟಿನ ಅಂಚನ್ನು ನೇರವಾಗಿ ಅದಕ್ಕೆ ಬೆಸೆಯಬೇಡಿ. ಮಧ್ಯೆ 1.6 ಮಿ.ಮೀ.ನ ಅಗಲ ಪಟ್ಟಿ ಕೊಟ್ಟು ಭಾರ ಹರಡಿ, ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ತಗಡು ಸೀಳುತ್ತದೆ.

ಉಂಗುರ, ತೊಲೆ ಎರಡೂ ಪೂರ್ತಿಯಾಗಿ, ಅಳತೆ ಸರಿ ಬಂದಮೇಲೆ ಗಾಜಿನ ಬುಡದ ಅಡ್ಡ ಪಟ್ಟಿ ಕತ್ತರಿಸಿ. ಅದನ್ನು ಎಸೆಯಬೇಡಿ, ಬಾಗಿಲಿಗೆ ಬೇಕು. ಆಮೇಲೆ ಪಾರ್ಸೆಲ್ ಟ್ರೇ, ಕೊನೆಗೆ ಗೋಡೆ. ಎಲ್ಲ ಕಡೆ 60ರಿಂದ 75 ಮಿ.ಮೀ. ಅಂಚು ಬಿಟ್ಟೇ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಬಿರುಕು ಹುಟ್ಟುವುದು. ಬಿಟ್ಟ ಅಂಚನ್ನು 90 ಡಿಗ್ರಿ ಮಡಚಿದರೆ ಅದೇ ಒಂದು ಪಕ್ಕೆಲುಬಾಗುತ್ತದೆ.

ಬೆಸುಗೆ 20–25 ಮಿ.ಮೀ.ನ ತುಂಡುಗಳಲ್ಲಿ, ಒಂದು ತುಂಡು ಹಾಕಿ 100 ಮಿ.ಮೀ. ಆಚೆಗೆ ಹಾರಿ, ತಣಿದ ಮೇಲೆ ಹಿಂದಿರುಗಿ. 0.9 ಮಿ.ಮೀ. ತಗಡಿಗೆ 40–60 ಆಂಪಿಯರ್ ಸಾಕು. ಡೆಂಟಿಂಗ್ ಗ್ಯಾರೇಜುಗಳಲ್ಲಿ ಇಂದಿಗೂ ಗ್ಯಾಸ್ ವೆಲ್ಡಿಂಗ್ ಹೆಚ್ಚು. ನುರಿತ ಕೈಯಾದರೂ ಚಾವಣಿ ಅಂಚಿನಲ್ಲಿ ಅದನ್ನು ಬಳಸಬೇಡಿ. ಬಿಸಿ ಒಂದು ಅಡಿ ಹರಡಿ ಚಾವಣಿ ಅಲೆಯಲೆಯಾಗುತ್ತದೆ, ಆಮೇಲೆ ಪುಟ್ಟಿ ಬಳಿಯುವುದೊಂದೇ ದಾರಿ. ಹಿತ್ತಾಳೆ ಬೆಸುಗೆಯಂತೂ ಭಾರ ಹೊರುವ ಕಡೆ ಬೇಡವೇ ಬೇಡ.

ಹಿಂಜ್ ಮತ್ತು ಬಾಗಿಲು

ಚಾವಣಿಯ ಅಂಚು ಬಾಗಿದೆ, ಹಿಂಜ್‌ಗಳ ಅಕ್ಷ ಮಾತ್ರ ನೇರ ಇರಬೇಕು. ಎರಡು ಹಿಂಜ್‌ಗಳ ಪಿನ್ ತೆಗೆದು, ಎರಡರಲ್ಲೂ ಹಾದುಹೋಗುವಂತೆ ಒಂದೇ ಉದ್ದ ಸರಳು ತೂರಿಸಿ, ಸರಳಿಗೆ ಸ್ಪಿರಿಟ್ ಲೆವೆಲ್ ಇಟ್ಟು, ಹಾಗೇ ಬೋಲ್ಟ್ ಬಿಗಿಯಿರಿ. ಒಂದು ಹಿಂಜ್ 2 ಮಿ.ಮೀ. ಮೇಲಿದ್ದರೂ ಬಾಗಿಲು ಪ್ರತಿ ಸಲ ತಿರುಚಿಕೊಂಡೇ ತೆರೆಯುತ್ತದೆ, ಕೆಲವೇ ತಿಂಗಳಲ್ಲಿ ಗಾಜಿನ ಮೂಲೆಯ ಬಣ್ಣ ಬಿರಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು, 700 ಮಿ.ಮೀ.ಗಿಂತ ಕಡಿಮೆ ಬೇಡ.

ಬಾಗಿಲನ್ನು ಬೆಂಚಿನ ಮೇಲೆ ಕಟ್ಟಬೇಡಿ, ಕಾರಿನ ಮೇಲೇ ಕಟ್ಟಿ. ಗಾಜಿನ ಚೌಕಟ್ಟು, ತೆಗೆದಿಟ್ಟ ಅಡ್ಡ ಪಟ್ಟಿ, ಮುಚ್ಚಳ ಇವನ್ನು ಕಂಡಿಯಲ್ಲಿ ಸುತ್ತಲೂ 5 ಮಿ.ಮೀ. ಮರದ ಚಕ್ಕೆ ಕೊಟ್ಟು ಕೂರಿಸಿ, ಹಿಂಜ್‌ಗೆ ಬೋಲ್ಟ್ ಮಾಡಿ, ಹೊರಗಿನಿಂದ ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಎತ್ತಿ ಒಳಗಿನ 1.2 ಮಿ.ಮೀ. ಚೌಕಟ್ಟು ಸೇರಿಸಿ. ಗಾಜಿನ ಇಳಿಜಾರು ಮುಚ್ಚಳದ ಚಪ್ಪಟೆಗೆ ಸೇರುವ ಬಾಗು ಈ ಬಾಗಿಲಿನ ದುರ್ಬಲ ಜಾಗ. ಅಲ್ಲಿ ಎರಡೂ ಪಕ್ಕಕ್ಕೆ 150 ಮಿ.ಮೀ. ಬದಿಯ ಮೂಲೆಪಟ್ಟಿ ಕೊಡಿ. ಕೊಡದಿದ್ದರೆ ಬಾಗಿಲನ್ನು ಒಂದು ಮೂಲೆಯಿಂದ ಎಳೆದು ಮುಚ್ಚುವಾಗ ಇನ್ನೊಂದು ಮೂಲೆ ಹಿಂದೆ ಬೀಳುತ್ತದೆ.

ಈಗ ಯಾರೂ ಮೊದಲೇ ಯೋಚಿಸದ ಒಂದು ಸಂಗತಿ. ಹಳೆಯ ಮುಚ್ಚಳ ಗಾಜಿನ ಬುಡದಲ್ಲಿ ತಿರುಗುತ್ತಿತ್ತು, ಅದರ ಬಾಲದಂಚು ಹೆಚ್ಚುಕಡಿಮೆ ನೇರ ಮೇಲಕ್ಕೇ ಏಳುತ್ತಿತ್ತು. ಹೊಸ ಬಾಗಿಲು ಚಾವಣಿಯಲ್ಲಿ ತಿರುಗುತ್ತದೆ, ಬಾಲದಂಚು ಮೇಲಕ್ಕೆ ಏಳುತ್ತಲೇ ಹಿಂದಕ್ಕೂ ಹೋಗುತ್ತದೆ. ಹಿಂಜ್‌ನಿಂದ ಬಾಲದಂಚಿಗೆ ಅಡ್ಡಳತೆ 1,100 ಮಿ.ಮೀ., ಇಳಿಯಳತೆ 600 ಎಂದುಕೊಳ್ಳಿ. ಆಗ 10 ಮಿ.ಮೀ. ಏಳುವಷ್ಟರಲ್ಲಿ ಐದೂವರೆ ಮಿ.ಮೀ. ಹಿಂದಕ್ಕೆ ಸರಿದಿರುತ್ತದೆ. ಮುಚ್ಚಳದ ಒಳ ಚೌಕಟ್ಟಿನ ತುಟಿ ಹಿಂದಿನ ಪ್ಯಾನೆಲ್ಲಿನ ರಬ್ಬರ್ ಅಂಚಿಗಿಂತ 20 ಮಿ.ಮೀ. ಕೆಳಗೆ ಇಳಿದಿದ್ದರೆ, ಅದಕ್ಕೂ ಅಂಚಿಗೂ ನಡುವೆ ಕನಿಷ್ಠ 12 ಮಿ.ಮೀ. ಖಾಲಿ ಬೇಕು. ಇಲ್ಲವಾದರೆ ತೆರೆಯುವಾಗಲೇ ತುಟಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ತುಟಿಯನ್ನು ಓರೆಯಾಗಿ ಕತ್ತರಿಸಿ ಹೊಸದಾಗಿ ಮಡಚಿ. ಸ್ಟ್ರೈಕರನ್ನೂ ಇದೇ ಲೆಕ್ಕದಲ್ಲಿ ಸುಮಾರು 29 ಡಿಗ್ರಿ ಓರೆ ಮಾಡಬೇಕು, ಲಾಕ್ ಬರುವುದು ನೇರ ಮೇಲಿನಿಂದಲ್ಲ, ಹಿಂದಿನಿಂದ ಕೆಳಮುಂದಕ್ಕೆ. ನಿಮ್ಮ ಕಾರಿನ ಅಳತೆ ಬೇರೆ ಇರುತ್ತದೆ. ದಪ್ಪ ರಟ್ಟಿನಲ್ಲಿ ಬಾಗಿಲಿನ ಪಕ್ಕನೋಟ ಕತ್ತರಿಸಿ, ಹಿಂಜ್ ಜಾಗದಲ್ಲಿ ಗುಂಡುಸೂಜಿ ಚುಚ್ಚಿ ತಿರುಗಿಸಿ ನೋಡಿದರೆ ಎಲ್ಲಿ ತಗಲುತ್ತದೆ ಎಂಬುದು ತಗಡಿಗೆ ಕೈ ಹಾಕುವ ಮೊದಲೇ ಗೊತ್ತಾಗುತ್ತದೆ.

ಹಿಂದಿನ ಗಾಜು ಟಫನ್ಡ್ ಗಾಜು. ಅದನ್ನು ಕತ್ತರಿಸುವುದು, ಅಂಚು ಉಜ್ಜುವುದು, ತೂತು ಕೊರೆಯುವುದು ಸಾಧ್ಯವಿಲ್ಲ, ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಆದ್ದರಿಂದ ಗಾಜಿನ ಚೌಕಟ್ಟಿನ ಒಳ ಅಂಚನ್ನು ಮುಟ್ಟದೆ, ಅದರ ಹೊರಗೆ 50 ಮಿ.ಮೀ. ಬಿಟ್ಟೇ ಬಾಗಿಲಿನ ಗೆರೆ ಎಳೆಯಿರಿ. ಕೂರಿಸುವಾಗ ಹೊಸ ರಬ್ಬರಿನ ತುಟಿಯಲ್ಲಿ ದಾರ ಸುತ್ತಿ, ಸಾಬೂನು ನೀರು ಹಚ್ಚಿ, ಹೊರಗಿನಿಂದ ಒಬ್ಬರು ಒತ್ತುತ್ತಿರುವಾಗ ಒಳಗಿನಿಂದ ದಾರ ಎಳೆದರೆ ತುಟಿ ತಾನಾಗಿ ಅಂಚಿನ ಮೇಲೆ ಬರುತ್ತದೆ.

ಶಾಕರ್ ಲೆಕ್ಕ

ಪೂರ್ತಿಯಾದ ಬಾಗಿಲನ್ನು ತೂಗಿ. ಗಾಜು ಸೇರಿ 24 ಕೆ.ಜಿ. ಎಂದುಕೊಳ್ಳೋಣ. ಬಾಗಿಲು ತೆರೆದಾಗ ಅದರ ತೂಕದ ನಡುಬಿಂದು ಹಿಂಜ್‌ನಿಂದ ಅಡ್ಡಕ್ಕೆ 600 ಮಿ.ಮೀ. ದೂರದಲ್ಲಿದ್ದರೆ ತಿರುಗುಬಲ 24 × 9.81 × 0.6, ಅಂದರೆ ಸುಮಾರು 141 ನ್ಯೂಟನ್ ಮೀಟರ್. ಅದೇ ಸ್ಥಿತಿಯಲ್ಲಿ ಶಾಕರಿನ ಗೆರೆಗೂ ಹಿಂಜ್‌ಗೂ ಲಂಬ ದೂರ 160 ಮಿ.ಮೀ. ಇದ್ದರೆ 141 ÷ 0.16 = 881 ನ್ಯೂಟನ್, ಎರಡಕ್ಕೆ ಹಂಚಿದರೆ ತಲಾ 440. ಶಾಕರ್ ಹಳತಾದಂತೆ ಬಲ ಇಳಿಯುವುದರಿಂದ 15% ಸೇರಿಸಿ ಸುಮಾರು 500 ನ್ಯೂಟನ್ನಿನ ಜೋಡಿ ತನ್ನಿ. ಗುಜರಿ ಶಾಕರ್ ಬೇಡ, ಇದೊಂದನ್ನು ಹೊಸದೇ ಕೊಳ್ಳಿ. ಬಲ ಅಗತ್ಯಕ್ಕಿಂತ ತುಂಬಾ ಹೆಚ್ಚಾದರೆ ಮುಚ್ಚಿದ ಬಾಗಿಲಿನ ಮೂಲೆಗಳು ಸದಾ ಹೊರಕ್ಕೆ ತಳ್ಳಲ್ಪಟ್ಟು ರಬ್ಬರ್ ಕೂರುವುದಿಲ್ಲ. ಬಾಡಿ ಕಡೆಯೂ ಬಾಗಿಲ ಕಡೆಯೂ 3 ಮಿ.ಮೀ. ಪ್ಲೇಟಿನ ಮೇಲೇ ಚೆಂಡು ಕೀಲು ಕೂರಲಿ. ಬಾಗಿಲು ಮುಚ್ಚಿದಾಗ ಶಾಕರಿನ ಸರಳು ಕೆಳಮುಖವಾಗಿರಬೇಕು, ಆಗ ಒಳಗಿನ ಎಣ್ಣೆ ಸೀಲನ್ನು ಒದ್ದೆಯಾಗಿಡುತ್ತದೆ.

ನೀರು, ಹೊಗೆ, ಪೆಟ್ರೋಲ್ ವಾಸನೆ

ಮುಂಬೈ ಮಳೆಗೆ ಜಗ್ಗದ ಹ್ಯಾಚ್ ಮಾಡುವುದು ರಬ್ಬರಿನಿಂದ ಮಾತ್ರ ಆಗುವ ಕೆಲಸವಲ್ಲ. ಚಾವಣಿಯಿಂದ ಇಳಿದ ನೀರು ಬಾಗಿಲ ಸಂದಿಗೆ ಬಂದೇ ಬರುತ್ತದೆ. ಸಂದಿಯ ಕೆಳಗೆ 20 ಮಿ.ಮೀ. ಅಗಲದ ಕಾಲುವೆ ಸುತ್ತಲೂ ಇದ್ದು, ಕೆಳಗಿನ ಎರಡು ಮೂಲೆಯಿಂದ 12 ಮಿ.ಮೀ. ಪೈಪಿನಲ್ಲಿ ನೀರು ಹೊರಗೆ ಬೀಳಬೇಕು. ಕಾಲುವೆಯ ಒಳದಂಡೆಯ ಮೇಲೆ ತಂತಿ ಹಿಡಿಕೆಯಿರುವ ಟೊಳ್ಳು ರಬ್ಬರ್ ಬೀಡಿಂಗ್. 15 ಮಿ.ಮೀ. ಟೊಳ್ಳು ಸುಮಾರು 5 ಮಿ.ಮೀ. ಅದುಮಿದರೆ ಸರಿ. ರಬ್ಬರಿನ ಜೋಡಣೆ ಕೆಳಗಡೆ ನಡುವೆ ಬರಲಿ. ಸುತ್ತಲೂ ಒಂದೊಂದು ಗೇಣಿಗೆ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದ ಕಡೆ ನೀರೂ ಬರುತ್ತದೆ.

ಹೊಗೆಯದು ಇನ್ನೂ ಗಂಭೀರ. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತದೆ. ಮೊದಲು ಡಿಕ್ಕಿಯೊಳಗೆ ನುಗ್ಗಿದರೂ ಗೋಡೆ ತಡೆಯುತ್ತಿತ್ತು, ಈಗ ಸೀದಾ ಪ್ರಯಾಣಿಕರ ಮೂಗಿಗೆ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ (ಸಿಒ) ವಾಸನೆಯಿಲ್ಲ. ಸೈಲೆನ್ಸರಿನ ಬಾಯಿ ಬಂಪರ್ ದಾಟಿ ಹೊರಗೆ ಚಾಚಿರಲಿ, ಡಿಕ್ಕಿ ತಳದ ಒಂದೊಂದು ಹಳೆಯ ತೂತನ್ನೂ ಬೆಸೆದು ಮುಚ್ಚಿ. ಸಣ್ಣ ಸಿಒ ಅಲಾರಂ ಒಂದನ್ನು ಹಿಂದಿನ ಸೀಟಿನ ಬಳಿ ಕಾಯಂ ಇಡಿ. ಹ್ಯಾಚ್ ಅರೆತೆರೆದು ಎಂಜಿನ್ ಓಡಿಸಲೇಬೇಡಿ.

ಪೆಟ್ರೋಲ್ ಟ್ಯಾಂಕಿನ ಕತ್ತು, ಗಾಳಿ ಪೈಪು ಡಿಕ್ಕಿಯೊಳಗೆ ಹಾದುಹೋಗುವ ಕಡೆಗೆಲ್ಲ 0.9 ಮಿ.ಮೀ. ತಗಡಿನ ಡಬ್ಬಿ ಕಟ್ಟಿ, ಸೀಮ್ ಸೀಲರ್ ಹಾಕಿ, ಆ ಡಬ್ಬಿಯೊಳಗಿನ ಗಾಳಿ ಕಾರಿನ ಕೆಳಗೆ ಹೊರಹೋಗುವಂತೆ ಪೈಪ್ ಕೊಡಿ. ಹಳೆಯ ರಬ್ಬರ್ ಹೋಸು, ಕ್ಲಿಪ್ಪುಗಳನ್ನು ಈಗಲೇ ಬದಲಿಸಿ.

ಸೀಟು, ವೈರಿಂಗ್

ಗೋಡೆ ಹೋದಮೇಲೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂದಿನ ಸಾಮಾನು ಮುಂದಿದ್ದವರ ಬೆನ್ನಿಗೆ ಬರುತ್ತದೆ. ಮೂಲ ಸೀಟಿನ ಬೆನ್ನು ಗೋಡೆಗೆ ಒರಗಿ ನಿಲ್ಲುವಂತೆ ಮಾಡಿದ್ದು, ಅದಕ್ಕೆ ಸ್ವಂತ ಬಲವಿಲ್ಲ. 25 × 25 × 2 ಪೈಪಿನ ಚೌಕಟ್ಟು ಮಾಡಿ, ಕೆಳಗೆ ತೊಲೆಗೆ ಹಿಂಜ್ ಕೊಟ್ಟು, ಮೇಲೆ ಎರಡೂ ಪಕ್ಕದಲ್ಲಿ ಹ್ಯಾಚ್‌ಬ್ಯಾಕ್ ಕಾರುಗಳ ಸೀಟ್ ಲಾಕ್ ಕೂರಿಸಿ. ಒಂದೇ ಪಕ್ಕ ಲಾಕ್ ಇದ್ದರೆ ಚೌಕಟ್ಟು ತಿರುಚುತ್ತದೆ. ನೆಲದಲ್ಲಿ ಸಾಮಾನು ಕಟ್ಟಲು ನಾಲ್ಕು ಬಳೆ ಇರಲಿ.

ಪದ್ಮಿನಿಯ ಹಿಂದಿನ ದೀಪಗಳು ರೆಕ್ಕೆಗಳಲ್ಲೇ ಇರುವುದರಿಂದ ವೈರಿಂಗ್ ಕೆಲಸ ಕಡಿಮೆ. ಬಾಗಿಲಿಗೆ ಹೋಗುವ ವೈರನ್ನು ಚಾವಣಿಯಿಂದ ಅಕಾರ್ಡಿಯನ್ ರಬ್ಬರ್ ಕೊಳವೆಯಲ್ಲಿ ತಂದು, ಬಾಗಿಲು ಪೂರ್ತಿ ತೆರೆದಾಗ ಸಡಿಲ ಉಳಿಯುವಷ್ಟು ಉದ್ದ ಬಿಡಿ. ಅರ್ಥಿಂಗಿಗೆ ಬೇರೆ ವೈರ್ ಎಳೆಯಿರಿ, ಹಿಂಜ್ ಮೂಲಕ ಬರುವ ಅರ್ಥ್ ನಂಬುವಂಥದ್ದಲ್ಲ.

ತುಕ್ಕು ಮತ್ತು ಪರೀಕ್ಷೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈಯಲ್ಲಾಗಲಿ ಗೋವಾದಲ್ಲಾಗಲಿ ಈ ಕೆಲಸ ಬೇಡ. ಉಜ್ಜಿದ ತಗಡು ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರ ಮೇಲೆ ಬಳಿದ ಪ್ರೈಮರ್ ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ದಿನದ ಕೆಲಸ ಮುಗಿದ ಕಡೆಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಹೊಸ ಚಾನೆಲ್, ತೊಲೆ, ಕಂಬ ಎಲ್ಲದರೊಳಗೂ ಬಣ್ಣವಾದ ಮೇಲೆ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಲು 10 ಮಿ.ಮೀ. ತೂತು ಬಿಟ್ಟು, ಆಮೇಲೆ ರಬ್ಬರ್ ಬಿರಟೆ ಹಾಕಿ.

ತಾತ್ಕಾಲಿಕ ಆಸರೆ ಬಿಚ್ಚುವ ಮೊದಲು ಕರ್ಣಗಳನ್ನು ಅಳೆಯಿರಿ, ಬಿಚ್ಚಿದ ಮೇಲೆ ಮತ್ತೆ. ನಂತರ ಹಿಂದಿನ ಎಡ ಚಕ್ರದ ಹತ್ತಿರ ಸ್ಪ್ರಿಂಗ್ ಕೂರುವ ಜಾಗಕ್ಕೆ ಜ್ಯಾಕ್ ಕೊಟ್ಟು ಆ ಚಕ್ರ ನೆಲ ಬಿಡುವಷ್ಟು ಎತ್ತಿ, ಹ್ಯಾಚ್ ಸುತ್ತಲಿನ ಸಂದಿ ನೋಡಿ. ಹಾಗೇ ಹಿಂದಿನ ಬಾಗಿಲುಗಳನ್ನು ತೆರೆದು ಮುಚ್ಚಿ. ಸಂದಿ 2 ಮಿ.ಮೀ.ಗಿಂತ ಹೆಚ್ಚು ಬದಲಾದರೆ, ಅಥವಾ ಬಾಗಿಲು ಉಜ್ಜಿದರೆ, ಉಂಗುರದಲ್ಲಿ ಎಲ್ಲೋ ಬಲ ಸಾಲದು. ಸಾಮಾನ್ಯವಾಗಿ ಅದು ಕಂಬದ ಬುಡ, ಚಕ್ರದ ಕಮಾನಿಗೆ ಪಟ್ಟಿ ಸೇರುವ ಕಡೆ. ಬಲಗಡೆಯೂ ಹೀಗೇ ಮಾಡಿ. ಸರಿ ಬಂದರೆ ಹಿಂದೆ ನಾಲ್ಕು ಮರಳಿನ ಮೂಟೆ ಹಾಕಿ ಕಾಂಪೌಂಡಿನೊಳಗೆ ಗುಂಡಿ, ಉಬ್ಬುಗಳ ಮೇಲೆ ನಿಧಾನವಾಗಿ ಓಡಿಸಿ, ತ್ರಿಕೋನ ಪ್ಲೇಟುಗಳ ಬೆಸುಗೆಯ ಸುತ್ತ ಬಣ್ಣ ಬಿರಿದಿದೆಯೇ ಟಾರ್ಚ್ ಹಿಡಿದು ನೋಡಿ. ಹಿಂಜ್ ಬೋಲ್ಟ್, ಸ್ಟ್ರೈಕರ್ ಬೋಲ್ಟ್ ಮೊದಲ ಕೆಲವು ವಾರ ಸಡಿಲವಾಗುವುದು ಸಹಜ. ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ತಗಡಿನವರೆಗೆ ಬಣ್ಣದ ಗೆರೆ ಎಳೆದಿಟ್ಟರೆ ಮುಂದೆ ಸರಿದದ್ದು ಕಣ್ಣಿಗೇ ಕಾಣುತ್ತದೆ.